ಗುಲಾಬಿ ಮರಿಯ ಸಾಲು

ನಮ್ಮ ಊರಿನಲ್ಲಿ ಶನಿವಾರದ ಶಾಲೆ ಪದ್ಯದಿಂದ ಶುರುವಾಗುತ್ತದೆ. ಪ್ರಾರ್ಥನೆ ಮುಗಿದ ಮೇಲೂ ಮಕ್ಕಳು ಅಂಗಳದಲ್ಲಿ ಹಾಗೆಯೇ ನಿಂತಿರುತ್ತಾರೆ. ಸಾಲು ಇರುವವರು ಒಬ್ಬೊಬ್ಬರಾಗಿ ಆಫೀಸು ಕೋಣೆಯ ಮುಂದಿನ ಮೆಟ್ಟಿಲು ಹತ್ತಿ, ತಮ್ಮ ಸಾಲು ಹೇಳಿ, ಇಳಿಯುತ್ತಾರೆ. ಒಂದೊಂದು ಸಾಲು ಮುಗಿದಾಗಲೂ ಉಳಿದವರೆಲ್ಲ ಒಟ್ಟಾಗಿ ‘ಆಮೇಲೆ?’ ಎಂದು ಕೇಳುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಇನ್ನೊಂದು ಮಗು ಮೆಟ್ಟಿಲು ಹತ್ತುತ್ತದೆ. ಕೊನೆಯ ‘ಆಮೇಲೆ?’ ಆದ ನಂತರ ಜವಾನ ಗಂಟೆ ಹೊಡೆಯುತ್ತಾನೆ, ಮಕ್ಕಳು ಗಲಾಟೆ ಮಾಡುತ್ತ ಕ್ಲಾಸಿಗೆ ಓಡುತ್ತಾರೆ.

ಪದ್ಯವನ್ನು ಯಾರೂ ಬರೆದಿಟ್ಟಿಲ್ಲ. ಶಾಲೆ ಬಿಟ್ಟು ಹೋಗುವ ಮಗುವಿನ ಜೊತೆ ಅದರ ಸಾಲೂ ಹೋಗುತ್ತದೆ, ಹೊಸ ಸಾಲು ಬಂದು ಸೇರುತ್ತದೆ. ಹಾಗಾಗಿ ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಕೇಳಿದ ಪದ್ಯಕ್ಕೂ ಈಗಿನದಕ್ಕೂ ಒಂದು ಪದವೂ ಹೊಂದುವುದಿಲ್ಲ. ಆದರೂ ಊರಿನವರು ಅದನ್ನು ಒಂದೇ ಪದ್ಯ ಎನ್ನುತ್ತಾರೆ. ಹೋದ ವರ್ಷದ ಪದ್ಯದಲ್ಲಿ ಇಂಥವು ಇದ್ದವು: ‘ಗಿಳಿಗೆ ಬೈಗುಳ ಕಲಿಸಿದೆ, ನೀರು ಮರೆತೆ.’ ‘ಮೊಲಕ್ಕೆ ಹುಲ್ಲು ಹಾಕುವುದು ತಮ್ಮನ ಸರದಿ ಅಂದುಕೊಂಡೆ, ತಮ್ಮ ನನ್ನದು ಅಂದುಕೊಂಡ.’ ‘ಬೆಕ್ಕಿನ ಮರಿಗೆ ಈಜು ಬರುತ್ತಾ ಅಂತ ನೋಡಿದೆ.’ ‘ಮದುವೆ ಮನೆಯಲ್ಲಿ ಲಾಡು ತಿನ್ನುವಾಗ ನಾಯಿಯ ಹಗ್ಗ ಗಿಡ್ಡ ಕಟ್ಟಿದ್ದು ನೆನಪಾಯ್ತು, ಇನ್ನೊಂದು ಲಾಡು ತಿಂದೆ.’

ಸಾಕಿದ ಪ್ರಾಣಿ ತನ್ನಿಂದ ಸತ್ತರೆ ಇಲ್ಲಿನ ಮಗುವಿಗೆ ಆ ಪ್ರಾಣಿಯ ದನಿ ಬರುತ್ತದೆ. ತಾನು ಮಾಡಿದ್ದನ್ನು ಇದ್ದ ಹಾಗೆ ಹೇಳುವ ಸಾಲು ಸಿಕ್ಕಿದ ದಿನ ತನ್ನ ದನಿ ವಾಪಸು ಬರುತ್ತದೆ. ಸಾಲು ಸರಿಯಾಗಿದ್ದರೆ ಅದು ಮನುಷ್ಯರ ಮಾತಾಗಿ ಬಾಯಿಂದ ಹೊರಡುತ್ತದೆ, ತಪ್ಪಾಗಿದ್ದರೆ ಬೌಬೌವೋ ಮಿಯಾವೋ ಏನೋ ಒಂದು. ಊರು ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ಹಾಜರಿ ಕೂಗುವಾಗ ‘ಬ್ಯಾ’ ಅಂದರೂ ಟೀಚರು ತಲೆ ಎತ್ತದೆ ಗುರುತು ಹಾಕುತ್ತಾರೆ. ಅಂಗಡಿಯ ಪುಟ್ಟಣ್ಣ, ‘ಒಂದು ಸಲ ಬೊಗಳಿದ್ರೆ ಕಡ್ಲೆಬೇಳೆ, ಎರಡು ಸಲ ಬೊಗಳಿದ್ರೆ ತೊಗರಿಬೇಳೆ, ಯಾವ್ದಪ್ಪ ರಾಜ?’ ಎಂದು ಕೇಳಿ ಪೊಟ್ಟಣ ಕಟ್ಟುತ್ತಾನೆ. ಮೀನು ಸಾಕಿದ ಮನೆಗಳ ಬಗ್ಗೆ ಮಾತ್ರ ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ, ಏಕೆಂದರೆ ಆ ಮಕ್ಕಳಿಗೆ ದನಿಯೇ ಇರುವುದಿಲ್ಲ. ಹೆಣ್ಣು ನೋಡಲು ಬಂದವರು ಜಾತಕ ಮಡಚಿಟ್ಟ ಮೇಲೆ, ‘ಚಿಕ್ಕಂದಿನಲ್ಲಿ ಏನಾದ್ರೂ ಸಾಲು ಇತ್ತಾ?’ ಎಂದು ಕೇಳುವುದುಂಟು. ನನ್ನನ್ನೂ ಕೇಳಿದ್ದರು. ಹೊರಗಿನವಳಾದ ನನಗೆ ಅರ್ಥವಾಗದೆ, ಕಾಲೇಜಿನಲ್ಲಿ ಕವನ ಬರೆಯುತ್ತಿದ್ದೆ ಎಂದುಬಿಟ್ಟೆ. ಎಲ್ಲರೂ ನಕ್ಕರು.

ನನ್ನ ಗಂಡ ಭದ್ರೇಶ ಇಲ್ಲಿಯೇ ಹುಟ್ಟಿದವನು. ಅವನದು ಪೇಟೆಬೀದಿಯಲ್ಲಿ ಸಣ್ಣ ಅಚ್ಚಿನ ಮನೆ: ಮದುವೆ ಕಾಗದ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ಕರಡು ತಿದ್ದುವುದು ನನ್ನ ಕೆಲಸ. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ಎರಡು ಮನೆತನಗಳು ಮಾತು ಬಿಡುವುದನ್ನು ಕಂಡಿದ್ದೇನೆ, ಹಾಗಾಗಿ ಪ್ರತಿ ಕರಡನ್ನೂ ಓದಿ, ಮಡಚಿಟ್ಟು, ಮತ್ತೆ ತೆಗೆದು ಓದುತ್ತೇನೆ. ಮನೆಯಲ್ಲೂ ನಾನು ಹಾಗೆಯೇ. ಗ್ಯಾಸ್ ಆರಿಸಿದ್ದೇನೆಯೇ, ಚಿಲಕ ಕೂತಿದೆಯೇ ಎಂದು ಎದ್ದು ನೋಡುತ್ತೇನೆ. ಮಗಳು ಕುಮುದ ಹುಟ್ಟಿದಂದಿನಿಂದ ಅವಳು ಮಲಗಿದಾಗ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು ನನಗೆ ರೂಢಿ. ಉಸಿರು ಸಣ್ಣದಾಗಿದೆ ಅನ್ನಿಸಿದರೆ ಭುಜ ಅಲ್ಲಾಡಿಸುತ್ತೇನೆ. ಅವಳು ‘ಊಂ’ ಎಂದ ಮೇಲೆ ನನಗೆ ಸಮಾಧಾನ. ಭದ್ರೇಶ, ‘ಮಲಗಿರೋ ಮಗೂನ ಎಬ್ಬಿಸಿ ಮಲಗು ಅಂತೀಯಲ್ಲೇ’ ಎಂದು ನಗುತ್ತಾನೆ.

ಇಷ್ಟು ಎಚ್ಚರ ಇರುವ ನಾನು ಮನೆಯಲ್ಲಿ ಪ್ರಾಣಿ ಸೇರಿಸಲಿಲ್ಲ. ಕುಮುದ ಮೂರನೇ ವರ್ಷದಿಂದ ಕೇಳುತ್ತಿದ್ದಳು. ಹೋದ ವರ್ಷ, ಏಳು ತುಂಬಿದ ಮೇಲೆ, ಒಂದು ಸಂಜೆ ಅಪ್ಪ ಮಗಳು ಪೇಟೆಯಿಂದ ಬರುವಾಗ ಅವಳ ಎರಡು ಕೈಗಳ ನಡುವೆ ಒಂದು ಕೋಳಿಮರಿ ಇತ್ತು. ಸೈಕಲ್ಲಿನ ಬುಟ್ಟಿಯಲ್ಲಿ ಬಣ್ಣ ಹಾಕಿ ಮಾರುತ್ತಾರಲ್ಲ, ಅಂಥದ್ದು, ಗುಲಾಬಿ ಬಣ್ಣ.

‘ಇವು ನಾಲ್ಕು ದಿನ ಬದುಕಲ್ಲ ಕಣ್ರೀ,’ ಎಂದೆ.

‘ಹಾಗಂದ್ಕೊಂಡೇ ಎಲ್ರೂ ತಗೋಳೋದು,’ ಎಂದ ಭದ್ರೇಶ. ಅದು ಉತ್ತರವೇ ಅಲ್ಲ ಎಂದು ಅವನಿಗೂ ಗೊತ್ತಿತ್ತು.

‘ನಾನು ಬದುಕಿಸ್ಕೊಳ್ತೀನಮ್ಮ,’ ಎಂದಳು ಕುಮುದ. ‘ನೀನು ನನ್ನ ನೋಡ್ಕೊಂಡ ಹಾಗೆ ನೋಡ್ಕೊಳ್ತೀನಿ.’

ನೋಡಿಕೊಂಡಳು ಕೂಡ. ಸುಳ್ಳು ಹೇಳಬಾರದು, ಆ ವಯಸ್ಸಿನ ಮಗು ಅಷ್ಟು ಶ್ರದ್ಧೆಯಿಂದ ಒಂದು ಜೀವವನ್ನು ಕಾದಿದ್ದು ನಾನು ಬೇರೆಲ್ಲೂ ಕಂಡಿಲ್ಲ. ರಟ್ಟಿನ ಡಬ್ಬಿಗೆ ಹಳೆಯ ಟವೆಲ್ಲು ಹಾಸಿದಳು. ನುಚ್ಚು ನೆನೆಸಿ ಹಾಕಿದಳು, ಬಾಟಲಿಯ ಮುಚ್ಚಳದಲ್ಲಿ ನೀರಿಟ್ಟಳು. ಡಬ್ಬಿಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು. ಬೀದಿಯ ಬೆಕ್ಕು ಕಿಟಕಿ ಹತ್ತಿರ ಸುಳಿದರೆ ಪೊರಕೆ ಹಿಡಿದು ಓಡುತ್ತಿದ್ದಳು. ಆದರೂ ನಾಲ್ಕನೆಯ ಬೆಳಿಗ್ಗೆ ಮರಿ ಟವೆಲ್ಲಿನ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಗಟ್ಟಿಯಾಗಿತ್ತು. ಕುಮುದ ಅಡುಗೆಮನೆಗೆ ಓಡಿ ಬಂದು ಬಾಯಿ ತೆರೆದಳು. ಬಂದದ್ದು ಅಮ್ಮಾ ಅಲ್ಲ, ‘ಚಿಯ್ಯ್ ಚಿಯ್ಯ್.’

ಭದ್ರೇಶ ಗಾಬರಿಯಾಗಲಿಲ್ಲ. ‘ನಂಗೆ ಅಳಿಲಿನ ದನಿ ಇತ್ತು ಕಣೇ, ಒಂದು ತಿಂಗಳು,’ ಎಂದ. ‘ಸಾಲು ಬರುತ್ತೆ ಬಿಡು.’

‘ನಿಮ್ಮ ಸಾಲು ಏನಿತ್ತು?’ ಎಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕೇಳಿರಲಿಲ್ಲ.

ಅವನು ಷರ್ಟಿನ ಗುಂಡಿ ಹಾಕುತ್ತಿದ್ದವನು ನಿಲ್ಲಿಸಿ, ಮಕ್ಕಳು ಒಪ್ಪಿಸುವ ಹಾಗೆ ನೇರ ನಿಂತು ಹೇಳಿದ: ‘ನಂಗೆ ಅಳಿಲಿನ ಬಾಲ ಬೇಕಿತ್ತು, ಅಳಿಲು ಬೇಕಿರಲಿಲ್ಲ.’ ಆಮೇಲೆ ಉಳಿದ ಗುಂಡಿ ಹಾಕಿಕೊಂಡು ಅಚ್ಚಿನ ಮನೆಗೆ ಹೋದ. ಆ ದಿನವೆಲ್ಲ ನಾನು ಅವನ ಕೈಗಳ ಬಗ್ಗೆ ಯೋಚಿಸಿದೆ.

ಸಾಲು ಬಾರದೆ ಉಳಿಯುವುದೂ ಉಂಟು. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಪೂರ್ತಿ ಬರುವುದರೊಳಗೆ ಸಾಲು ಸಿಗಬೇಕು, ಇಲ್ಲದಿದ್ದರೆ ಬಂದ ದನಿಯೇ ನಿಂತುಬಿಡುತ್ತದೆ ಎನ್ನುತ್ತಾರೆ. ಕುಮುದಳ ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು. ನಾನು ದಿನಾ ಬೆಳಿಗ್ಗೆ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ವಸಡು ನೋಡತೊಡಗಿದೆ. ಬೆಳಿಗ್ಗೆ ನೋಡಿದ್ದು ಸಾಲದೆ ಊಟವಾದ ಮೇಲೊಮ್ಮೆ. ಆಟವಾಡುತ್ತಿದ್ದರೆ ಕರೆದು ಒಮ್ಮೆ.

ಏನು ಮಾಡಿದೆ ಬರೆದು ತೋರಿಸು ಎಂದು ಸ್ಲೇಟು ಕೊಟ್ಟೆ. ‘ನಾನು ಚೆನ್ನಾಗಿ ನೋಡಿಕೊಂಡೆ’ ಎಂದು ದುಂಡಗೆ ಬರೆದಳು. ಬೇರೇನೂ ಇಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸಿದಳು. ಅವಳು ಸುಳ್ಳು ಬರೆದಿರಲಿಲ್ಲ, ನಾನೇ ಕಂಡಿದ್ದೆನಲ್ಲ. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಚಿಯ್ಯ್ ಎಂದಷ್ಟೇ ಬರುತ್ತಿತ್ತು.

ಹಾಗಾಗಿ ಸಾಲು ಕಟ್ಟಲು ನಾನೇ ಕೂತೆ. ನನಗೆ ಬರುವ ಕೆಲಸ ಅದೊಂದೇ. ಮದುವೆ ಕಾಗದದ ಹಿಂಬದಿಯಲ್ಲಿ ಬರೆದು, ಹೊಡೆದು, ತಿದ್ದಿ, ಮೊದಲ ಶನಿವಾರಕ್ಕೆ ಒಂದು ಸಿದ್ಧ ಮಾಡಿದೆ: ‘ಬಣ್ಣಕ್ಕೆ ಮರುಳಾದೆ, ಬಣ್ಣದೊಳಗಿನ ಜೀವ ಕಾಣಲಿಲ್ಲ.’ ಕುಮುದ ಮೆಟ್ಟಿಲು ಹತ್ತಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಬಾಯಿ ತೆರೆದಳು. ಚಿಯ್ಯ್ ಚಿಯ್ಯ್ ಚಿಯ್ಯ್. ಸಾಲು ಕೂರದಿದ್ದರೆ ಮಕ್ಕಳು ‘ಆಮೇಲೆ?’ ಎನ್ನುವುದಿಲ್ಲ. ನಗುವುದೂ ಇಲ್ಲ. ಸುಮ್ಮನೆ ಕಾಯುತ್ತಾರೆ, ಮಗು ಇಳಿಯುತ್ತದೆ. ಎರಡನೆಯ ಶನಿವಾರಕ್ಕೆ ‘ಬೆಚ್ಚಗೆ ನಾನು, ಚಳಿಯಲ್ಲಿ ಮರಿ’ ಎಂದು ಬರೆದುಕೊಟ್ಟೆ, ಮರಿಗೆ ಚಳಿಯೇ ಆಗಿರಲಿಲ್ಲ ಎಂದು ಗೊತ್ತಿದ್ದೂ. ಚಿಯ್ಯ್. ಮೂರನೆಯದರಲ್ಲಿ ತಪ್ಪನ್ನು ಅಪ್ಪನಿಗೂ ಸೈಕಲ್ಲಿನವನಿಗೂ ಸ್ವಲ್ಪ ಸ್ವಲ್ಪ ಹಂಚಿದೆ. ಅದು ಕೂಡ ಚಿಯ್ಯ್.

ಕಾಂಪೌಂಡಿನ ಹೊರಗೆ ನನ್ನ ಹಾಗೆಯೇ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಗಿರಿಜವ್ವ, ‘ಅಷ್ಟು ಚೆಂದ ಯಾಕೆ ಕಟ್ಟಿಕೊಡ್ತೀರ? ಅದೇನು ಲಗ್ನಪತ್ರಿಕೆನಾ?’ ಎಂದಳು.

‘ನಾನು ಕಟ್ಟಿದ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು? ಮಗು ಚಿಯ್ಯ್ ಅಂತಷ್ಟೇ ಅಂದಿದ್ದು.’

‘ಅವಳು ಮೆಟ್ಲು ಮೇಲೆ ನಿಂತಾಗ ನಿಮ್ಮ ತುಟಿ ಆಡ್ತಾ ಇರುತ್ತಲ್ಲಮ್ಮ,’ ಎಂದಳು ಗಿರಿಜವ್ವ.

ನಾಲ್ಕನೆಯ ಶನಿವಾರದ ಹೊತ್ತಿಗೆ ವಸಡಿನಲ್ಲಿ ಅಕ್ಕಿಯ ಮೊನೆಯಷ್ಟು ಬಿಳಿ ಕಾಣಿಸಿತು. ಅದೇ ವಾರ ಕುಮುದಳ ಯೂನಿಫಾರ್ಮಿನ ಲಂಗ ಉದ್ದ ಮಾಡಿಸಲು ದರ್ಜಿ ಚಂದ್ರಯ್ಯನ ಅಂಗಡಿಗೆ ಹೋದೆ. ಬೇರೆ ದರ್ಜಿ ಇದ್ದರೆ ಅಲ್ಲಿಗೇ ಹೋಗುತ್ತಿದ್ದೆ. ಚಂದ್ರಯ್ಯನಿಗೆ ಐವತ್ತು ದಾಟಿದೆ, ಮೂರು ಮಕ್ಕಳು, ಒಳ್ಳೆಯ ಕೈ. ಅವನು ಈಗಲೂ ಬೆಕ್ಕಿನ ದನಿಯಲ್ಲೇ ಮಾತಾಡುವುದು. ಟೇಪು ಕುತ್ತಿಗೆಗೆ ಹಾಕಿಕೊಂಡು, ಕುಮುದಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನನ್ನ ಕಡೆ ತಿರುಗಿ ಉದ್ದವಾಗಿ ಏನೋ ಕೇಳಿದ.

‘ಮಡಿಕೆ ಒಳಗಡೆ ಬಟ್ಟೆ ಉಳಿಸ್ಲಾ ಅಂತ ಕೇಳ್ತಾವ್ರೆ,’ ಎಂದಳು ಗುಂಡಿ ಹೊಲಿಯುತ್ತ ಕೂತಿದ್ದ ಅವನ ಹೆಂಡತಿ ದೇವೀರಮ್ಮ. ‘ಮಗು ಬೆಳೀತದಲ್ಲ, ಮುಂದಿನ ವರ್ಷ ಬಿಚ್ಚಬೋದು.’

ಉಳಿಸಿ ಎಂದೆ. ಚಂದ್ರಯ್ಯ ಕುಮುದಳ ಬಾಯಿ ನೋಡಿ, ಬೆರಳಿಂದ ತನ್ನ ಹಲ್ಲು ಮುಟ್ಟಿ ತೋರಿಸಿ ಮೆಲ್ಲಗೆ ಮಿಯಾವ್ ಎಂದ. ಕುಮುದ ಚಿಯ್ಯ್ ಎಂದಳು. ಇಬ್ಬರಿಗೂ ಏನೋ ತಿಳಿದ ಹಾಗೆ ನಕ್ಕರು.

‘ಇವರಿಗೆ ಸಾಲು ಸಿಗಲೇ ಇಲ್ವಾ?’ ಎಂದು ದೇವೀರಮ್ಮನನ್ನು ಕೇಳಿದೆ.

‘ಸಿಗೋಕೆ ಬಿಡಬೇಕಲ್ಲ! ನಮ್ಮತ್ತೆಗೆ ಮಗನ ಹೆಸರು ಕೆಡಬಾರದು ಅಂತ. ತಾವೇ ಒಂದೊಂದು ಕಟ್ಟಿ ಹೇಳಿಕೊಡೋರಂತೆ. ಬೆಕ್ಕೇ ಬಾವಿ ಹಾರ್ತು ಅಂತ, ಪಕ್ಕದ್ಮನೆ ಹುಡುಗ ದಬ್ಬಿದ ಅಂತ. ಹಲ್ಲು ಬಂದೇಬಿಡ್ತು.’ ಅವಳು ದಾರ ಕಚ್ಚಿ ತುಂಡು ಮಾಡಿದಳು. ‘ನಿಜಕ್ಕೂ ಏನಾಗಿತ್ತು ಅಂತ ಒಂದಿನ ಚೀಟಿ ಮೇಲೆ ಬರೀರಿ ಅಂದೆ. ಅತ್ತೆ ಹೇಳಿಕೊಟ್ಟಿದ್ದೆಲ್ಲ ಬರೆದ್ರು. ಇವರದು ಇವರಿಗೇ ಮರೆತುಹೋಗಿದೆ.’

ಚಂದ್ರಯ್ಯ ಸೀಮೆಸುಣ್ಣದಿಂದ ಲಂಗದ ಅಂಚಿಗೆ ಗೆರೆ ಎಳೆಯುತ್ತಿದ್ದ. ಗೆರೆ ಎಲ್ಲೂ ಅಲುಗಲಿಲ್ಲ.

ದಾರಿಯಲ್ಲಿ ಕುಮುದಳಿಗೆ, ‘ಇನ್ನು ಮೇಲೆ ನಾನು ಬರೆದುಕೊಡಲ್ಲ. ನೀನೇ ಹುಡುಕು,’ ಎಂದೆ. ಅವಳು ನನ್ನ ಮುಖ ನೋಡಿದಳು. ‘ಚೆನ್ನಾಗಿಲ್ಲದಿದ್ರೂ ಪರವಾಗಿಲ್ಲ,’ ಎಂದು ಸೇರಿಸಿದೆ. ಹೇಳುವುದು ಸುಲಭವಾಗಿತ್ತು. ಮನೆಗೆ ಬಂದು ಕರಡು ಬಿಡಿಸಿ ಕೂತರೆ ಪೆನ್ನು ತಾನಾಗಿಯೇ ‘ಗುಲಾಬಿ’ ಎಂದು ಶುರು ಮಾಡುತ್ತಿತ್ತು. ಹೊಡೆದುಹಾಕುತ್ತಿದ್ದೆ. ಆ ವಾರ ಒಂದು ನಾಮಕರಣದ ಕಾಗದ ಅಪ್ಪ ಅಮ್ಮನ ಹೆಸರೇ ಇಲ್ಲದೆ ಅಚ್ಚಾಯಿತು. ನನ್ನ ಕೈಯಿಂದ ಅಂಥ ತಪ್ಪು ಹೋದದ್ದು ಅದೇ ಮೊದಲು.

ಶುಕ್ರವಾರ ಯಾವುದೋ ಜಯಂತಿಗೆ ಶಾಲೆಗೆ ರಜೆ. ಮಧ್ಯಾಹ್ನ ಊಟ ಮಾಡಿ ಕುಮುದ ನಡುಮನೆಯ ಚಾಪೆಯ ಮೇಲೆ ಮಲಗಿದ್ದಳು. ಖಾಲಿ ರಟ್ಟಿನ ಡಬ್ಬಿ ಇನ್ನೂ ಅವಳ ತಲೆಯ ಹತ್ತಿರವೇ ಇತ್ತು, ಅದನ್ನು ಎಸೆಯಲು ಬಿಟ್ಟಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು. ಹಲ್ಲು ಎಷ್ಟು ಬಂದಿದೆ ನೋಡಿಬಿಡೋಣ ಎಂದು ಬಗ್ಗಿದೆ. ಬೆಳಕು ಸಾಲಲಿಲ್ಲ. ಬಗ್ಗಿದ್ದಕ್ಕೆ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಇದೆ ಅನ್ನಿಸಿತು, ಖಾತ್ರಿಯಾಗಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ.

ಅವಳು ಬೆಚ್ಚಿ ಕಣ್ಣು ಬಿಟ್ಟು, ‘ಚಿಯ್ಯ್’ ಎಂದಳು.

ಆ ಚಿಯ್ಯ್ ನಾನು ಹಿಂದೆ ಕೇಳಿದ್ದೆ. ಹಸಿವಿನದಲ್ಲ, ಭಯದ್ದಲ್ಲ. ಮರಿ ಇದ್ದ ಮೂರು ರಾತ್ರಿ, ನಿದ್ದೆಯ ನಡುವೆ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತಿದ್ದದ್ದು ಅದೇ, ಸಣ್ಣದು, ಕೊನೆಗೆ ಸ್ವಲ್ಪ ಎಳೆದದ್ದು. ಮರಿ ಚುರುಕಾಗಿದೆ, ಒಳ್ಳೆಯದೇ ಆಯಿತು ಎಂದುಕೊಂಡು ನಾನು ಮಗ್ಗುಲಾಗಿದ್ದೆ.

ಕುಮುದಳಿಗೂ ತನ್ನ ದನಿ ಕೇಳಿಸಿತು. ಅವಳು ಏಳಲಿಲ್ಲ. ತನ್ನ ಭುಜದ ಮೇಲಿದ್ದ ನನ್ನ ಕೈಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಕೈ ತೆಗೆದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಏರಿಳಿಯುತ್ತಿತ್ತು, ನಿದ್ದೆ ಹೋಗಿಲ್ಲ ಎಂದು ಗೊತ್ತಾಗುತ್ತಿತ್ತು. ಸಂಜೆ ಅವಳೇ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಮರಿ ಹೂತ ಜಾಗದ ಪಕ್ಕ ಇಟ್ಟು ಬಂದಳು. ಏನು ಎಂದು ನಾನು ಕೇಳಲಿಲ್ಲ. ಕೇಳಲು ಮೂರು ಸಲ ಬಾಯಿ ತೆರೆದೆ.

ಶನಿವಾರ ಬೆಳಿಗ್ಗೆ ಕಾಂಪೌಂಡಿನ ಹೊರಗೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತೆ, ತುಟಿ ಆಡಬಾರದೆಂದು. ಆಡಲು ನನ್ನ ಹತ್ತಿರ ಏನೂ ಇರಲಿಲ್ಲ, ಆದರೂ ಇರಲಿ ಎಂದು. ಪಕ್ಕದಲ್ಲಿ ಗಿರಿಜವ್ವ ಇದ್ದಳು. ಗಿಳಿಯ ಹುಡುಗ ಹೇಳಿದ, ಮೊಲದ ಅಕ್ಕ ತಮ್ಮ ಹೇಳಿದರು, ಲಾಡುವಿನ ಹುಡುಗಿ ಹೇಳಿ ಇಳಿದಳು. ‘ಆಮೇಲೆ?’ ಎಂದರು ಮಕ್ಕಳು. ಕುಮುದ ಮೆಟ್ಟಿಲು ಹತ್ತಿದಳು. ಈ ಸಲ ಕೈ ಬೆನ್ನ ಹಿಂದೆ ಕಟ್ಟಲಿಲ್ಲ. ಒಂದು ಕೈಯ ತೋರುಬೆರಳನ್ನು ಸುಮ್ಮನೆ ಗಾಳಿಯಲ್ಲಿ ಅಡ್ಡ ಹಿಡಿದಳು, ಯಾರದೋ ಮೂಗಿನ ಕೆಳಗೆ ಹಿಡಿದ ಹಾಗೆ.

‘ಬದುಕಿದೆಯಾ ಅಂತ ನೋಡೋಕೆ ಎಬ್ಬಿಸಿದೆ,’ ಎಂದಳು. ‘ಎದ್ದಿತು ಅಂತ ಮಲಗಿಸಿದೆ. ಮಲಗಿತು ಅಂತ ಮತ್ತೆ ಎಬ್ಬಿಸಿದೆ.’

ಅವಳ ದನಿ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ದಪ್ಪವಾಗಿತ್ತು. ಸಾಲು ಉದ್ದವಾಯಿತು, ಒಂದೇ ಕ್ರಿಯಾಪದ ಎರಡು ಸಲ ಬಂದಿದೆ ಎಂದು ತಲೆಯ ಒಂದು ಮೂಲೆ ಗುರುತು ಹಾಕಿಕೊಂಡಿತು. ಉಳಿದ ತಲೆಗೆ ಕೇಳಿದ್ದು ತಿಳಿಯುವಷ್ಟರಲ್ಲಿ ಅಂಗಳದ ತುಂಬ ಮಕ್ಕಳು, ‘ಆಮೇಲೆ?’ ಎಂದರು.

ಗಂಟೆ ಹೊಡೆಯಿತು. ಹೆಡ್ ಮಿಸ್ ಅಂಬುಜಾಕ್ಷಿ ಗೇಟಿನ ತನಕ ಬಂದು, ‘ಕೂತ್ಕೊಂಡ್ತು ನೋಡಿ’ ಎಂದರು.

‘ಇದೆಂಥ ಸಾಲು ಮಿಸ್?’ ಎಂದಳು ಗಿರಿಜವ್ವ. ‘ಮಗು ಕಾಳಜಿ ಮಾಡೈತೆ ಪಾಪ. ಪದ್ಯ ಇರೋದು ಕಾಳಜಿ ಇಲ್ಲದ ಮಕ್ಕಳಿಗೆ ಅಲ್ವಾ?’

‘ನಾವೇನು ಕಟ್ಟಿದ್ದೀವಾ ಗಿರಿಜವ್ವ, ಸೇರಿಸೋಕೆ ಬಿಡೋಕೆ? ಬಂದಿದ್ದು ಬಂತು,’ ಎಂದರು ಮಿಸ್. ಆಮೇಲೆ ನನ್ನ ಕಡೆ ತಿರುಗಿ, ‘ಎಲ್ಲಿಂದ ಹೊಳೀತೋ ಅವಳಿಗೆ?’ ಎಂದು ಕೇಳಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮನೆಯ ದಾರಿ ಹಿಡಿದೆ.

ಶನಿವಾರ ಅರ್ಧ ದಿನ ಶಾಲೆ. ಕುಮುದ ಮನೆಗೆ ಬಂದವಳು ಒಂದು ತಿಂಗಳ ಮಾತನ್ನೆಲ್ಲ ಒಟ್ಟಿಗೆ ಆಡಿದಳು. ಸಾರಿಗೆ ಉಪ್ಪು ಕಡಿಮೆ ಎಂದಳು, ಚಂದ್ರಯ್ಯ ಅವತ್ತು ಹೇಳಿದ್ದು ಹಲ್ಲಿನ ವಿಷಯವಲ್ಲ, ಪೆಪ್ಪರಮಿಂಟಿನ ವಿಷಯ ಎಂದಳು, ಅಪ್ಪನಿಗೆ ಅಳಿಲಿನ ಸಾಲು ಎರಡು ಸಲ ಹೇಳಿಸಿದಳು. ಆಡಿ ಆಡಿ ಸುಸ್ತಾಗಿ ಚಾಪೆ ಹಾಸಿಕೊಂಡು ಮಲಗಿದಳು. ಭದ್ರೇಶ ಅಚ್ಚಿನ ಮನೆಗೆ ಹೋದ.

ನಾನು ಜಗುಲಿಯಲ್ಲಿ ಕರಡು ಹಿಡಿದು ಕೂತೆ. ಒಂದು ಗೃಹಪ್ರವೇಶ. ಮನೆಯ ಯಜಮಾನರ ಹೆಸರು ಸರಿಯಾಗಿತ್ತು, ತಿಥಿ ಸರಿಯಾಗಿತ್ತು. ಒಳಗೆ ಸದ್ದಿರಲಿಲ್ಲ. ಮತ್ತೆ ಮೊದಲಿಂದ ಓದಿದೆ. ಬೀದಿಯಲ್ಲಿ ತರಕಾರಿ ಗಾಡಿ ಹೋಯಿತು. ಒಳಗೆ ಈಗಲೂ ಸದ್ದಿರಲಿಲ್ಲ. ಮಲಗಿದವರು ಸದ್ದು ಮಾಡುವುದಿಲ್ಲ, ಅದು ನನಗೆ ಗೊತ್ತು. ಕರಡಿನ ಮೇಲೆ ಪೆನ್ನಿಟ್ಟು, ಚಪ್ಪಲಿ ಬಿಟ್ಟು, ಹೊಸ್ತಿಲ ತನಕ ಹೋದೆ. ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಗಿಹಿಡಿದು ನಿಂತೆ.

ಕುಮುದ ಆ ಕಡೆ ತಿರುಗಿ ಮಲಗಿದ್ದಳು. ಈ ಕಡೆ ತಿರುಗಲಿಲ್ಲ.

‘ಬದುಕಿದೀನಮ್ಮಾ,’ ಎಂದಳು. ‘ಮಲ್ಕೊಂಡಿದೀನಿ.’